ನಾಲ್ಕು ಹೊಂಗೆ ಮರಗಳು, ತೊಂಬತ್ತು ದಿನಗಳು

ಆ ವರ್ಷ ನಮ್ಮ ಪ್ರಾಧ್ಯಾಪಕರಿಗೆ ಒಂದೇ ಪ್ರಶ್ನೆಗೆ ಉತ್ತರ ಬೇಕಾಗಿತ್ತು: ಯಾವ ಹೊಂಗೆ?

ತೊಂಬತ್ತೆಂಟರ ಬೇಸಿಗೆ. ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಬಹುದು ಎಂಬ ಮಾತು ಆಗ ಕಾಲೇಜುಗಳಲ್ಲಿ ಓಡಾಡುತ್ತಿತ್ತು. ಎಂಜಿನಿಯರಿಂಗ್ ಕಡೆಯವರು ನೀರೆತ್ತುವ ಪಂಪಿಗೆ ಆ ಎಣ್ಣೆ ಹಾಕಿ ಓಡಿಸಿಯೂ ಇದ್ದರು. ಆದರೆ ಭತ್ತ, ಜೋಳದ ಹಾಗೆ ಹೊಂಗೆಯಲ್ಲಿ ಹೆಸರಿಟ್ಟ ತಳಿಗಳಿರಲಿಲ್ಲ. ಒಂದು ಮರದ ಬೀಜದಲ್ಲಿ ಎಣ್ಣೆ ಹೆಚ್ಚು, ಪಕ್ಕದ ಮರದಲ್ಲಿ ಕಡಿಮೆ. ಒಂದರ ಸಸಿ ಮೂರು ತಿಂಗಳಿಗೆ ಮೊಣಕಾಲು ಮುಟ್ಟಿದರೆ ಇನ್ನೊಂದರದು ಗೇಣಿನಲ್ಲೇ ನಿಲ್ಲುತ್ತದೆ. ರೈತರ ಬದುಗಳಲ್ಲಿ ಸಾವಿರಾರು ಸಸಿ ನೆಡಿಸಬೇಕೆಂದಿದ್ದ ಸಮಿತಿಯೊಂದು ನಮ್ಮ ಸಸ್ಯಶಾಸ್ತ್ರ ವಿಭಾಗಕ್ಕೆ ಒಂದು ವರ್ಷದ ಕೆಲಸ ಒಪ್ಪಿಸಿತ್ತು. ನಾಲ್ಕು ತಾಯಿಮರ ಆರಿಸಿ, ಅವುಗಳ ಸಸಿಯ ಬೆಳವಣಿಗೆಯನ್ನೂ ಎಣ್ಣೆಯ ಗುಣವನ್ನೂ ಹೋಲಿಸಿ, ಇದನ್ನು ನೆಡಿ ಎಂದು ಒಂದನ್ನು ತೋರಿಸಬೇಕು. ತಪ್ಪು ಮರ ತೋರಿಸಿದರೆ ರೈತನಿಗೆ ಅದು ಗೊತ್ತಾಗುವುದು ಆರೇಳು ವರ್ಷದ ಮೇಲೆ, ಮರ ಕಾಯಿ ಬಿಟ್ಟಾಗ.

ಆ ಕೆಲಸಕ್ಕೆ ಸಹಾಯಕಿಯಾಗಿ ಸೇರಿದವಳು ನಾನು. ವರದಿ ಒಪ್ಪಿಗೆಯಾದರೆ ಇನ್ನೊಂದು ವರ್ಷ, ಇಲ್ಲವಾದರೆ ಮನೆಗೆ.

ಮನೆ ಎಂದರೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದಿನ ಸಾಲಿನಲ್ಲಿ ಎರಡು ಕೋಣೆ. ಅಪ್ಪ ಭಟ್ಟಿಯಲ್ಲಿ ಕಾದ ಮರಳಿನಲ್ಲಿ ಅಕ್ಕಿ ಅರಳಿಸುವವನು. ಅವ್ವ ಎಂ.ಸಿ.ಸಿ. ಬಡಾವಣೆಯ ಮನೆಗಳಲ್ಲಿ ಪಾತ್ರೆ ತೊಳೆದವಳು. ನಮ್ಮ ವಂಶದಲ್ಲಿ ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಮೊದಲು ಬರೆದುಕೊಂಡವಳು ನಾನು. ಅದೂ ಎರಡನೇ ವರ್ಷ ರಸಾಯನಶಾಸ್ತ್ರದಲ್ಲಿ ಬಿದ್ದು, ಮತ್ತೆ ಪರೀಕ್ಷೆ ಕಟ್ಟಿ, ಎದ್ದು ಬರೆದುಕೊಂಡದ್ದು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅಪ್ಪನಿಗಂತೂ ಮೊದಲೇ ಇರಲಿಲ್ಲ. ಭಟ್ಟಿಯಲ್ಲಿ ಅವನು ಸಾರಿಬಿಟ್ಟಿದ್ದ: "ನಮ್ಮ ಹುಡುಗಿ ಹೊಂಗೆ ಎಣ್ಣಿ ಮ್ಯಾಲೆ ಲಾರಿ ಓಡಿಸ್ತಾಳಂತೆ, ಗೊತ್ತೈತೇನು?" ನನಗೆ ಸೈಕಲ್ಲೂ ಸರಿಯಾಗಿ ಬರುತ್ತಿರಲಿಲ್ಲ.

ಮೂರು ಮರಗಳನ್ನು ಪ್ರಾಧ್ಯಾಪಕರೇ ಗುರುತಿಸಿದ್ದರು: ಹದಡಿಯ ಕೆರೆ ಏರಿಯದೊಂದು, ಆನಗೋಡಿನ ರಸ್ತೆ ಬದಿಯದೊಂದು, ಹರಿಹರದ ಹೊಳೆದಂಡೆಯದೊಂದು. ನಾಲ್ಕನೆಯದನ್ನು ನನಗೆ ಬಿಟ್ಟರು. ನಾನು ಎಂ.ಸಿ.ಸಿ. ಬಡಾವಣೆಯಲ್ಲಿ ಒಂದು ದವಾಖಾನೆಯ ಮುಂದಿದ್ದ ಮರ ತೋರಿಸಿದೆ.

"ಊರೊಳಗಿನ ಮರ ಯಾಕಮ್ಮ?" ಎಂದರು.

"ಕಾಯಿ ಚೆನ್ನಾಗಿ ಬಿಡುತ್ತೆ ಸಾರ್."

ಕಾಯಿ ಬಿಡುತ್ತಿದ್ದದ್ದು ನಿಜ. ಆದರೆ ಅವ್ವ ಎದುರು ಮನೆಯ ಕೆಲಸ ಮುಗಿಸಿ ಬರುವ ತನಕ, ಹತ್ತನೇ ತರಗತಿಯವರೆಗೂ, ನಾನು ಆ ಮರದ ಬುಡದ ಕಲ್ಲಿನ ಮೇಲೆ ಕೂತು ಓದಿದ್ದೆ ಎಂಬುದನ್ನು ಅವರಿಗೆ ಹೇಳಲಿಲ್ಲ. ಬೀಜದ ಪ್ರಯೋಗಕ್ಕೂ ಅದಕ್ಕೂ ಏನು ಸಂಬಂಧ ಎಂದುಕೊಂಡೆ.

ಸಸಿಗಳನ್ನು ಬೆಳೆಸಿದ್ದು ಹರಿಹರದಲ್ಲಿ. ಹೊಳೆಗೆ ಹತ್ತಿರದ ತೋಟವೊಂದರ ಮೂಲೆಯನ್ನು ಅದರ ಯಜಮಾನರು ನಮಗೆ ಬಿಟ್ಟುಕೊಟ್ಟಿದ್ದರು. ಕೆಮ್ಮಣ್ಣು, ಮರಳು, ಗೊಬ್ಬರ ಒಂದೇ ಅಳತೆಯಲ್ಲಿ ಬೆರೆಸಿ ಇನ್ನೂರ ನಲವತ್ತು ಪ್ಲಾಸ್ಟಿಕ್ ಚೀಲ ತುಂಬಿದೆವು. ಒಂದೊಂದು ಮರಕ್ಕೆ ಅರವತ್ತು. ಆ ಅರವತ್ತನ್ನೂ ಒಂದೇ ಕಡೆ ಇಡುವಂತಿಲ್ಲ; ಒಂದು ಮೂಲೆಗೆ ನೆರಳು, ಒಂದಕ್ಕೆ ಬಿಸಿಲು ಬಿದ್ದರೆ ಹೋಲಿಕೆ ಕೆಡುತ್ತದೆ. ಹಾಗಾಗಿ ಮೂರು ಪಾತಿ ಮಾಡಿ, ಪ್ರತಿ ಪಾತಿಯಲ್ಲೂ ನಾಲ್ಕೂ ಮರದ ಸಸಿಗಳನ್ನು ಚೀಟಿ ಎತ್ತಿ ಜೋಡಿಸಿದೆವು. ಗುರುತಿಗೆ ಚೀಲದ ಮೇಲೆ ಬಣ್ಣದ ಪಟ್ಟೆ: ಹದಡಿಗೆ ಕೆಂಪು, ಆನಗೋಡಿಗೆ ಹಳದಿ, ಹೊಳೆದಂಡೆಗೆ ನೀಲಿ, ನನ್ನ ಮರಕ್ಕೆ ಬಿಳಿ.

ಬಣ್ಣ ಬಳಿದದ್ದು ಅಲ್ಲಿನ ಅಜ್ಜಿಯೊಬ್ಬರಿಗಾಗಿ. ತೋಟದ ಪಕ್ಕದಲ್ಲೇ ಅವರ ಮನೆ. ಸಸಿಗಳಿಗೆ ನೀರು ಹಾಕುವ ಕೆಲಸ ಅವರದು. ಓದು ಬರದು. ದಿನಾ ಬೆಳಗ್ಗೆ ಚೀಲಕ್ಕೊಂದು ತಂಬಿಗೆ, ಹೆಚ್ಚಿಲ್ಲ, ಕಡಿಮೆಯಿಲ್ಲ ಎಂದು ನಾನು ಹೇಳಿಕೊಟ್ಟೆ.

"ಪಂಕ್ತ್ಯಾಗ ಭೇದ ಮಾಡಬಾರ್ದು, ಅಷ್ಟೇ ಅಲ್ಲೇನವ್ವ?" ಎಂದರು.

"ಅಷ್ಟೇ ಅಜ್ಜಿ."

ಇಷ್ಟು ಚೆನ್ನಾಗಿ ನಮ್ಮ ಪುಸ್ತಕದಲ್ಲೂ ಬರೆದಿರಲಿಲ್ಲ ಎಂದು ಖುಷಿಪಟ್ಟೆ.

ಹದಿನೈದು ದಿನಕ್ಕೊಮ್ಮೆ ನಾನು ಬಸ್ಸು ಹಿಡಿದು ಹರಿಹರಕ್ಕೆ ಹೋಗಿ ಅಳೆಯುತ್ತಿದ್ದೆ. ಎತ್ತರಕ್ಕೆ ಸ್ಕೇಲು, ಕಾಂಡದ ಬುಡದ ದಪ್ಪಕ್ಕೆ ವರ್ನಿಯರ್ ಕ್ಯಾಲಿಪರ್, ಆಮೇಲೆ ಎಲೆಯ ಲೆಕ್ಕ. ಉಳಿದ ದಿನಗಳಲ್ಲಿ ಎಣ್ಣೆಯ ಕೆಲಸ. ಹರಿಹರದಲ್ಲೇ ಒಬ್ಬ ಸಾಹೇಬರ ಎಣ್ಣೆ ಮಿಲ್ಲು ಇತ್ತು. ಒಂದು ಮರದ ಬೀಜ ಅರೆದ ಮೇಲೆ ಯಂತ್ರ ಪೂರ್ತಿ ಒರೆಸಿ ಇನ್ನೊಂದು ಮರದ್ದು ಹಾಕಬೇಕು ಎಂದು ನಾನು ಹಟ ಹಿಡಿದಾಗ ಸಾಹೇಬರು ತಲೆ ಚಚ್ಚಿಕೊಂಡರು.

"ಬೇಟಾ, ನಲವತ್ತು ವರ್ಷ ಹೊಂಗೆ ಅಂದ್ರೆ ಹೊಂಗೆ ಅಂತ ತಿಳ್ಕೊಂಡಿದ್ದೆ. ನೀ ಬಂದು ಅದರಾಗೂ ನಾಕು ಜಾತಿ ಮಾಡಿದ್ಯಲ್ಲ! ಈ ಹಿಂಡಿನೂ ನಾಕು ಚೀಲಕ್ಕೆ ತುಂಬ್ಲೇನು?"

"ಹಿಂಡಿ ನಮಗೆ ಬೇಡ ಸಾಹೇಬ್ರೆ, ಯಾರಿಗಾದ್ರೂ ಕೊಡಿ."

ಈ ಒಂದು ಮಾತು ನೆನಪಿನಲ್ಲಿರಲಿ.

ಎಣ್ಣೆಯ ಪರೀಕ್ಷೆ ದಾವಣಗೆರೆಯಲ್ಲಿ, ಕಾಲೇಜಿನ ಪ್ರಯೋಗಶಾಲೆಯಲ್ಲಿ. ಮುಖ್ಯವಾಗಿ ನೋಡಬೇಕಾದದ್ದು ಎಣ್ಣೆಯಲ್ಲಿರುವ ಆಮ್ಲ. ಅದು ಹೆಚ್ಚಾದರೆ ಎಂಜಿನ್ನಿನ ಲೋಹವನ್ನು ತಿನ್ನುತ್ತದೆ. ಎಣ್ಣೆಯನ್ನು ಬಿಸಿ ಆಲ್ಕೋಹಾಲಿನಲ್ಲಿ ಕರಗಿಸಿ, ಫಿನಾಲ್ಫ್ತಲೀನ್ ಎರಡು ಹನಿ ಬಿಟ್ಟು, ಬ್ಯೂರೆಟ್ಟಿನಿಂದ ಕ್ಷಾರವನ್ನು ತೊಟ್ಟುತೊಟ್ಟಾಗಿ ಸೇರಿಸುತ್ತ ಹೋಗುವುದು. ದ್ರವ ತಿಳಿಗುಲಾಬಿಗೆ ತಿರುಗಿ ಅರ್ಧ ನಿಮಿಷ ಹಾಗೇ ನಿಂತರೆ ಮುಗಿಯಿತು. ತೆಂಗಿನೆಣ್ಣೆಯಾದರೆ ಮಕ್ಕಳೂ ಮಾಡಿಯಾರು. ಹೊಂಗೆ ಎಣ್ಣೆಗೆ ತನ್ನದೇ ಕಿತ್ತಳೆ-ಕಂದು ಬಣ್ಣ. ಅದರಲ್ಲಿ ಗುಲಾಬಿ ಹುಡುಕುವುದೆಂದರೆ ಕೆಮ್ಮಣ್ಣಿನಲ್ಲಿ ಕುಂಕುಮ ಹುಡುಕಿದ ಹಾಗೆ. ಮೊದಲ ಮೂರು ದಿನ ನನ್ನ ಕಣ್ಣು ಕೆಂಪಾಯಿತೇ ಹೊರತು ಎಣ್ಣೆ ಗುಲಾಬಿ ಆಗಲಿಲ್ಲ. ಕೊನೆಗೆ ಎಣ್ಣೆಯನ್ನು ಅರ್ಧ ಮಾಡಿ, ಆಲ್ಕೋಹಾಲು ಎರಡರಷ್ಟು ಹಾಕಿ, ಫ್ಲಾಸ್ಕಿನ ಹಿಂದೆ ಬಿಳಿ ಹಾಳೆ ಕಟ್ಟಿ ದಾರಿಗೆ ತಂದೆ. ರಸಾಯನಶಾಸ್ತ್ರದಲ್ಲಿ ಬಿದ್ದಿದ್ದ ಹುಡುಗಿಗೆ ಅದು ಸಣ್ಣ ಗೆಲುವಲ್ಲ.

ನಾಲ್ಕರಲ್ಲಿ ಅತಿ ಕಡಿಮೆ ಆಮ್ಲ ಬಂದದ್ದು ಬಿಳಿಗೆ. ನನ್ನ ಮರಕ್ಕೆ! ಆ ದಿನ ಬಡಾವಣೆಯ ಕಡೆಯಿಂದ ಸುತ್ತು ಹಾಕಿಕೊಂಡೇ ಮನೆಗೆ ಹೋದೆ.

ಆದರೆ ಸಸಿಗಳಲ್ಲಿ ಬಿಳಿ ಹಿಂದೆ ಬಿದ್ದಿತ್ತು. ನಲವತ್ತೈದನೇ ದಿನ ಕೆಂಪು ಪಟ್ಟೆಯವು ಎಲೆ ಬೀಸುತ್ತ ನಿಂತಿದ್ದರೆ, ಬಿಳಿಯವು ಮೊದಲ ದಿನ ಶಾಲೆಗೆ ಬಂದ ಮಕ್ಕಳ ಹಾಗೆ ಮುದುಡಿಕೊಂಡಿದ್ದವು. ಅರವತ್ತನೇ ದಿನ ಮಾತ್ರ ಪವಾಡವೇ ನಡೆಯಿತು. ಬಿಳಿಯವು ಚಿಗುರಿದ್ದವು, ಎಪ್ಪತ್ತೈದಕ್ಕೆ ನೀಲಿಯನ್ನು ದಾಟಿ ಹಳದಿಯ ಪಕ್ಕಕ್ಕೆ ಬಂದವು. ಎಲೆ ಕಡು ಹಸಿರು. ಪ್ರಾಧ್ಯಾಪಕರು ನಾನು ಬರೆದ ಬೆಳವಣಿಗೆಯ ನಕ್ಷೆ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು.

"ನಿಧಾನಕ್ಕೆ ಶುರುವಾಗಿ ಆಮೇಲೆ ಓಡೋ ತಳಿ ಕಣಮ್ಮ ಇದು! ಎಣ್ಣೆನೂ ಒಳ್ಳೇದು, ಬೆಳವಣಿಗೆನೂ ಒಳ್ಳೇದು. ಒಂದೇ ಮರದಲ್ಲಿ ಎರಡೂ ಸಿಕ್ತು." ಸಮಿತಿಯ ಅಧ್ಯಕ್ಷರಿಗೆ ಅವತ್ತೇ ಫೋನು ಹೋಯಿತು. ತೊಂಬತ್ತು ದಿನ ಮುಗಿದ ವಾರದಲ್ಲಿ ಸಮಿತಿ ಹರಿಹರಕ್ಕೆ ಬಂದು ನೋಡುವುದೆಂದು ತೀರ್ಮಾನವಾಯಿತು. ವರದಿಯಲ್ಲಿ ತಮ್ಮ ಹೆಸರಿನ ಕೆಳಗೆ ನನ್ನ ಹೆಸರೂ ಇರುತ್ತದೆ ಎಂದರು. ಅವ್ವನಿಗೆ ಹೇಳಿದೆ, ಅವ್ವ ನನ್ನ ಬಿಳಿ ಕೋಟಿಗೆ ನೀಲಿ ಹಾಕಿ ಒಗೆದಳು.

ತೊಂಬತ್ತನೇ ದಿನದ ಕೆಲಸ ಬೇರು ತೊಳೆಯುವುದು. ಪ್ರತಿ ಪಾತಿಯಿಂದ ಬಣ್ಣಕ್ಕೈದರಂತೆ ಅರವತ್ತು ಸಸಿ ಎತ್ತಿಕೊಂಡು, ಚೀಲ ಹರಿದು, ಮಣ್ಣನ್ನು ಜರಡಿಯ ಮೇಲೆ ನೀರಲ್ಲಿ ಕರಗಿಸಿ, ಒಂದು ಎಳೆಯೂ ಹರಿಯದಂತೆ ಬೇರು ಬಿಡಿಸಿ, ಒಣಗಿಸಿ ತೂಗಬೇಕು. ಕೆಂಪಿನದೊಂದು ತೊಳೆದೆ, ಹಳದಿಯದೊಂದು ತೊಳೆದೆ. ಬಿಳಿಯದು ಹರಿದಾಗ ಜರಡಿಯ ಮೇಲೆ ಕಂದು ಹರಳುಗಳು ಉಳಿದವು. ಮಣ್ಣಲ್ಲ, ಗೊಬ್ಬರವಲ್ಲ. ಮೂಗಿಗೆ ಹಿಡಿದೆ. ಸಾಹೇಬರ ಮಿಲ್ಲಿನಲ್ಲಿ ಒಂದು ತಿಂಗಳು ಕಳೆದ ನನಗೆ ಆ ಕಹಿ ವಾಸನೆ ಏನೆಂದು ಬೇರೆ ಯಾರೂ ಹೇಳಬೇಕಿರಲಿಲ್ಲ. ಹೊಂಗೆ ಹಿಂಡಿ.

ಇನ್ನೊಂದು ಬಿಳಿ ಹರಿದೆ. ಅದರಲ್ಲೂ ಇತ್ತು. ಹದಿನೈದು ಬಿಳಿಯಲ್ಲಿ ಹದಿನೈದರಲ್ಲೂ. ನೀಲಿಯಲ್ಲಿ ಎರಡರಲ್ಲಿ, ಹಳದಿಯಲ್ಲಿ ಒಂದರಲ್ಲಿ.

"ಅಜ್ಜಿ," ಎಂದು ಕೂಗಿದೆ. "ಈ ಚೀಲಕ್ಕೆ ಏನು ಹಾಕಿದ್ರಿ?"

ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಬಂದರು. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ. "ಗೊತ್ತಾತೇನು? ಹಿಂಡಿ ನೀರವ್ವ. ಸಾಹೇಬ್ರು ಒಂದ್ ಚೀಲ ಹಿಂಡಿ ಕೊಟ್ಟಿದ್ರು. ಗಡಿಗ್ಯಾಗ ನಾಕು ದಿನ ನೆನೆಹಾಕಿ, ತೆಳ್ಳಗ ಮಾಡಿ ಹೊಯ್ದೆ. ಬಿಳೇವಕ್ಕೆಲ್ಲ ಹೊಯ್ದೆ. ಉಳಿದದ್ರಾಗ ಸೊರಗಿದ್ವು ಒಂದಿಷ್ಟು ಇದ್ವು, ಅವಕ್ಕೂ ಹೊಯ್ದೆ. ನೋಡು ಹೆಂಗ್ ಎದ್ವು!"

"ಪಂಕ್ತಿಯಲ್ಲಿ ಭೇದ ಮಾಡಬಾರದು ಅಂದಿದ್ರಿ!"

"ನೀರಿನಾಗ ಮಾಡಿಲ್ಲಲ್ಲ? ಎಲ್ಲಾಕ್ಕೂ ಒಂದೇ ತಂಬಿಗೆ. ಇದು ಊಟ ಅಲ್ಲವ್ವ, ಔಷಧ. ಕಾಯಿಲೆ ಬಿದ್ದ ಮಗೀಗೆ ಔಷಧ ಕುಡಿಸಿದ್ರೆ ಭೇದ ಅಂತಾರೇನು?"

ನಾನು ಜರಡಿ ಹಿಡಿದುಕೊಂಡು ಕೂತೇಬಿಟ್ಟೆ. ಅಜ್ಜಿಗೆ ನನ್ನ ಮುಖ ನೋಡಿ ಗಾಬರಿಯಾಯಿತು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ದನಿ ತಗ್ಗಿಸಿ ಹೇಳಿದರು: "ನಿನ್ನ ಸಲುವಾಗೇ ಮಾಡಿದ್ದು ನನ್ನವ್ವ. ಕೆಂಪಿಂದು, ಹಳದೀದು ಅಳಿಯುವಾಗ ಸುಮ್ಮನೆ ಬರ್ಕೊಂತಿದ್ದಿ. ಬಿಳೇದು ಬಂದ್ರೆ ನಿನ್ನ ಮುಖ ಸಣ್ಣದಾಗ್ತಿತ್ತು. ಇವು ಇಕೀ ತವರಿನವು ಇರಬೇಕು ಅಂತ ತಿಳ್ಕೊಂಡೆ."

ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲೂ ಬರೆಯದಿದ್ದ ಸಂಗತಿಯನ್ನು ಓದು ಬರದ ಅಜ್ಜಿ ನನ್ನ ಮುಖದಲ್ಲಿ ಓದಿದ್ದರು.

ವಾಪಸು ಬರುವ ಬಸ್ಸಿನಲ್ಲಿ ಇನ್ನೊಂದು ಯೋಚನೆ ಹೊಕ್ಕಿತು. ಸಸಿಗೆ ಅಜ್ಜಿ ಔಷಧ ಕುಡಿಸಿದರು; ಎಣ್ಣೆಗೆ ನಾನೇನು ಮಾಡಿದೆ? ನೋಟ್‌ಬುಕ್ಕಿನ ಮೊದಲ ಪುಟ ತೆರೆದೆ. ನನ್ನದೇ ಕೈಬರಹ: "ಹದಡಿ, ಆನಗೋಡು ಚೀಲಗಳು ಸ್ವಲ್ಪ ತೇವ." ಅಲ್ಲಿ ಕಾಯಿ ಆರಿಸಿಕೊಟ್ಟವರು ಸಿಪ್ಪೆ ಸುಲಭವಾಗಿ ಬಿಡಲೆಂದು ನೀರು ಚಿಮುಕಿಸಿ ಬಡಿಗೆಯಿಂದ ಬಡಿದಿದ್ದರು. ಹೊಳೆದಂಡೆಯದು ಹಸಿ ಮರಳಿನ ಮೇಲೆ ಬಿದ್ದದ್ದನ್ನು ಗುಡಿಸಿ ತಂದದ್ದು. ಬಡಾವಣೆಯದನ್ನು ಮಾತ್ರ ನಾನು ದಿನಾ ಹೋಗಿ ಕೈಯಾರೆ ಬಿಡಿಸಿ, ಅವ್ವನ ಹಳೇ ಸೀರೆಯ ಮೇಲೆ ನೆರಳಲ್ಲಿ ಒಣಗಿಸಿದ್ದೆ. ತೇವ ಹಿಡಿದ ಬೀಜದ ಎಣ್ಣೆಯಲ್ಲಿ ಆಮ್ಲ ಏರುತ್ತದೆ ಎಂಬುದನ್ನು ನಾನೇ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಗೆದ್ದದ್ದು ನನ್ನ ಮರವಲ್ಲ, ಅವ್ವನ ಸೀರೆ.

ಸಮಿತಿ ಬರಲು ಮೂರು ದಿನ ಇತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೇರು ತೊಳೆದವಳು ನಾನೊಬ್ಬಳೇ. ಸಂಜೆ ಅಪ್ಪ ಕೈಕಾಲು ತೊಳೆದು ಕೂತಾಗ ಅವನ ಕೆಲಸದ ಬಗ್ಗೆ ಕೇಳುವ ಹಾಗೆ ಕೇಳಿದೆ. "ಒಂದೊಂದು ಸಲ ಅಕ್ಕಿ ಸರಿಯಾಗಿ ಅರಳಲ್ಲ ಅಲ್ಲಪ್ಪ, ಅದನ್ನ ಏನು ಮಾಡ್ತೀರಿ?"

"ಮಾಲಕರಿಗೆ ಹೇಳ್ತೀನಿ, ಬೇರೆ ಇಡ್ತೀವಿ."

"ಚೀಲದ ತಳಕ್ಕೆ ಹಾಕಿದ್ರೆ?"

ಅಪ್ಪ ನಕ್ಕ. "ಹಾಕ್ದೋರು ಅದಾರೆ. ಮ್ಯಾಲೆ ನೋಡಿದ್ರೆ ಕಾಣಲ್ಲ. ಆದ್ರೆ ಮಂಡಕ್ಕಿ ಚೀಲಕ್ಕ ಭಾರ ಎಲ್ಲೀದು? ಎತ್ತಿದೋನಿಗೆ ಗೊತ್ತಾಗ್ತೈತೆ. ಯಾಕ?"

"ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋ ಮುಖ ಅಲ್ಲ ಅದು," ಎಂದ. ಆ ವಾರ ಎಲ್ಲರೂ ನನ್ನ ಮುಖವನ್ನೇ ಓದುತ್ತಿದ್ದರು.

ಮರುದಿನ ಬೆಳಗ್ಗೆ ಹಿಂಡಿಯ ಹರಳುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಪ್ರಾಧ್ಯಾಪಕರ ಮೇಜಿನ ಮೇಲೆ ಬಿಚ್ಚಿಟ್ಟೆ. ಎರಡನ್ನೂ ಹೇಳಿದೆ, ಕಲ್ಲಿನ ಮೇಲೆ ಕೂತು ಓದಿದ್ದನ್ನೂ ಸೇರಿಸಿ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಅಷ್ಟು ನೀಟಾಗಿ ಬೇರು ತೊಳಿ ಅಂತ ಯಾರಮ್ಮ ನಿನಗೆ ಹೇಳಿದ್ದು?"

"ನೀವೇ ಸಾರ್."

"ಹೌದಾ?" ಮತ್ತೆ ಒರೆಸಿದರು. "ಫೋನ್ ಮಾಡಿ ಹೇಳಿಬಿಟ್ಟಿದ್ದೀನಲ್ಲಮ್ಮ." ಕೊನೆಗೆ, "ಸರಿ. ಬರ್ಲಿ. ನೀನೇ ಹೇಳು. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಹರಿಹರದ ತೋಟದಲ್ಲಿ ಸಮಿತಿಯ ಐದು ಜನರ ಮುಂದೆ ನಾನು ನೀಲಿ ಹಾಕಿದ ಬಿಳಿ ಕೋಟು ತೊಟ್ಟು ನಿಂತೆ. ಈ ನಕ್ಷೆಯನ್ನು ನಂಬಬೇಡಿ ಎಂದು ಶುರುಮಾಡಿದೆ. ಸಸಿಗಳಿಗೆ ಆದದ್ದು, ಎಣ್ಣೆಗೆ ಆದದ್ದು ಎರಡನ್ನೂ ಹೇಳಿ, ಮತ್ತೆ ಬಿತ್ತಲು ತೊಂಬತ್ತು ದಿನ, ಎಣ್ಣೆಗೆ ಮುಂದಿನ ಬೇಸಿಗೆಯ ತನಕ ಸಮಯ ಬೇಕು ಎಂದೆ. ನನ್ನ ಕೆಲಸ ಇನ್ನೊಂದು ವರ್ಷ ಮುಂದುವರಿಸಿ ಎಂದು ಕೇಳುತ್ತಿದ್ದೇನೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅಧ್ಯಕ್ಷರು ಹಿರಿಯರು, ಸ್ವತಃ ಹೊಲಮನೆ ಇದ್ದವರು. ಬಿಳಿ ಪಟ್ಟೆಯ ಸಸಿಯೊಂದನ್ನು ಬಗ್ಗಿ ನೋಡಿದರು. "ಔಷಧ ಕುಡಿಸಿದ ಡಾಕ್ಟ್ರು ಯಾರು? ಕರೀರಿ."

ಅಜ್ಜಿ ಬಂದರು. "ಎಷ್ಟು ಹಿಂಡಿಗೆ ಎಷ್ಟು ನೀರು ಹಾಕಿದ್ರಿ?" ಎಂದು ಕೇಳಿದರು ಅಧ್ಯಕ್ಷರು.

"ಒಂದ್ ಬೊಗಸಿಗೆ ಒಂದ್ ಗಡಿಗಿ. ಹೆಚ್ಚು ಹಾಕಿದ್ರೆ ಬೇರು ಸುಡ್ತೈತೆ. ನಿಮಗ ಗೊತ್ತಿಲ್ಲೇನ್ರಿ ಯಜಮಾನ್ರೆ?"

ಮೊದಲು ನಕ್ಕವರು ಅಧ್ಯಕ್ಷರೇ. ಆಮೇಲೆ ಎಲ್ಲರೂ. "ಪ್ರೊಫೆಸರ್ರೆ, ಈ ಹುಡುಗಿ ಬೇರು ತೊಳಿಯೋದು ಬಿಟ್ಟಿದ್ರೆ ನಾವು ಊರೂರಿಗೆ ದವಾಖಾನೆ ಮರ ಹಂಚ್ತಿದ್ವಿ. ಮತ್ತೆ ಮಾಡ್ರಿ. ಈ ಸಲ ಅಜ್ಜಿ ಔಷಧನೂ ಸೇರಿಸ್ರಿ. ಅರ್ಧಕ್ಕೆ ಕುಡಿಸ್ರಿ, ಅರ್ಧಕ್ಕೆ ಬ್ಯಾಡ. ಅದನ್ನೂ ನೋಡೇಬಿಡೋಣ."

ಉಳಿದಿದ್ದ ಬೀಜದಿಂದ ಆಷಾಢ ಕಳೆದ ಮೇಲೆ ಎರಡನೇ ಬಿತ್ತನೆ ಮಾಡಿದೆವು. ಪ್ರತಿ ಬಣ್ಣದಲ್ಲೂ ಅರ್ಧ ಚೀಲಗಳಿಗೆ ಕಪ್ಪು ಚುಕ್ಕೆ ಇಟ್ಟೆ. ಹಿಂಡಿ ನೀರು ಅವಕ್ಕೆ ಮಾತ್ರ. ಅಳೆಯುವವಳಿಗೆ ಬಣ್ಣ ಕಾಣಬಾರದೆಂದು, ನಾನು ಸ್ಕೇಲು ಹಿಡಿಯುವಾಗ ಚೀಲಗಳಿಗೆ ಗೋಣಿತಟ್ಟು ಸುತ್ತಿಡುವ ಪದ್ಧತಿ ತಂದೆ. ಈ ಪ್ರಯೋಗದಲ್ಲಿ ನಂಬಲಾಗದ ಒಂದೇ ಸಲಕರಣೆ ನನ್ನ ಮುಖವೆಂದು ಸಾಬೀತಾಗಿತ್ತಲ್ಲ.

ಒಪ್ಪದಿದ್ದವರು ಅಜ್ಜಿ. "ಇದೇನ್ ವಿಜ್ಞಾನನವ್ವ? ಅರ್ಧ ಮಕ್ಕಳಿಗೆ ಉಣ್ಣಿಸಿ, ಉಳಿದರ್ಧಕ್ಕೆ ನೋಡ್ಕೊಂತ ಕೂಡ್ರಿ ಅಂತೀಯಲ್ಲ. ಪಾಪ ಬರ್ತೈತೆ."

"ತೊಂಬತ್ತು ದಿನ ಅಷ್ಟೇ ಅಜ್ಜಿ. ತೊಂಬತ್ತೊಂದನೇ ದಿನ ಉಳಿದವಕ್ಕೂ ಕುಡಿಸಿ, ನಾನು ಬೇಡ ಅನ್ನಲ್ಲ."

"ಮಾತು ಕೊಡ್ತೀ?"

"ಕೊಟ್ಟೆ."

"ಹಂಗಾರ ತೊಂಬತ್ತು ಹೊಂಗೆ ಬೀಜ ಎಣಿಸಿ ಕೊಡು," ಎಂದರು. ಹಿತ್ತಲಲ್ಲಿ ನೆಡಲಿಕ್ಕೆ ಇರಬೇಕೆಂದು ಎಣಿಸಿ ಕೊಟ್ಟೆ.

ಫಲಿತಾಂಶವನ್ನು ಇಲ್ಲೇ ಹೇಳಿಬಿಡುತ್ತೇನೆ. ಹಿಂಡಿ ನೀರಿಲ್ಲದ ಸಸಿಗಳಲ್ಲಿ ಕೆಂಪು ಮೊದಲು, ಹಳದಿ ಎರಡನೆಯದು, ಬಿಳಿ ಕೊನೆ. ಹಿಂಡಿ ನೀರು ಕುಡಿದವು ಎಲ್ಲ ಬಣ್ಣದಲ್ಲೂ ಎದ್ದವು. ಹೆಚ್ಚು ಎದ್ದದ್ದು ಬಿಳಿಯೇ, ಆದರೂ ಮೊದಲ ಸ್ಥಾನಕ್ಕೆ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ನಾಲ್ಕೂ ಮರದ ಕಾಯಿಯನ್ನು ನಾನೇ ಒಂದೇ ರೀತಿ ಕೊಯ್ದು, ಒಂದೇ ನೆರಳಲ್ಲಿ ಒಣಗಿಸಿ ಅರೆಸಿದಾಗ ಆಮ್ಲದ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು; ಎಣ್ಣೆ ಜಾಸ್ತಿ ಕೊಟ್ಟದ್ದು ಹಳದಿ. ಬದುಗಳಿಗೆ ಹೋದದ್ದು ಆನಗೋಡಿನ ರಸ್ತೆ ಬದಿಯ ಮರದ ಸಂತಾನ. ಕಾಯಿ ಬಡಿಯುವ ಮುಂಚೆ ನೀರು ಚಿಮುಕಿಸಬೇಡಿ ಎಂಬ ಒಂದು ಸಾಲೂ ಸಸಿಗಳ ಜೊತೆ ಹೋಯಿತು. ವರದಿಯಲ್ಲಿ ನನ್ನ ಹೆಸರಿದೆ. ಆ ಪುಟವನ್ನು ಅಪ್ಪ ಭಟ್ಟಿಗೆ ಒಯ್ದು ತೋರಿಸಿ ತಂದ. ಮೂಲೆಯಲ್ಲಿ ಮಸಿಯ ಹೆಬ್ಬೆಟ್ಟು ಈಗಲೂ ಇದೆ.

ಎರಡನೇ ಸಲದ ತೊಂಬತ್ತನೇ ದಿನ ಅಳತೆ, ಬೇರು ಎಲ್ಲ ಮುಗಿಸಿ ಬಂದಿದ್ದೆ. ಮರುದಿನ ಬೆಳಗ್ಗೆ ಉಳಿದ ಸಾಮಾನು ತರಲು ಮೊದಲ ಬಸ್ಸಿಗೆ ಹೋದರೆ, ತೋಟದ ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ಕಾಲ ಬಳಿ ಎರಡು ಬಕೆಟ್ಟು ತುಂಬ ಹಿಂಡಿ ನೀರು. ಕೈಯಲ್ಲಿ ಒಂದು ತಗಡಿನ ಡಬ್ಬಿ. ನನ್ನನ್ನು ನೋಡಿದ್ದೇ ಅದನ್ನು ಬೋರಲು ಹಾಕಿ ತಟ್ಟಿ ತೋರಿಸಿದರು. ಒಂದು ಬೀಜವೂ ಬೀಳಲಿಲ್ಲ.

"ದಿನಕ್ಕೊಂದು ತಗ್ದು ಬ್ಯಾರೆ ಡಬ್ಬಿಗೆ ಹಾಕೀನಿ. ನಿನ್ನೆಗೆ ಖಾಲಿ ಆತು. ಇವತ್ತು ತೊಂಬತ್ತೊಂದು ಅಲ್ಲೇನವ್ವ?"

"ಹೌದಜ್ಜಿ."

ಅಜ್ಜಿ ತಂಬಿಗೆ ಅದ್ದಿದರು. ಚುಕ್ಕೆಯಿಲ್ಲದ ಚೀಲಗಳ ಸಾಲಿನ ಕಡೆ ನೋಡಿ, ಆಮೇಲೆ ನನ್ನ ಮುಖ ನೋಡಿ ಕೇಳಿದರು: "ಬಿಳೇದ್ರಿಂದ ಶುರು ಮಾಡ್ಲೇನು?"

"ಬೇಡ. ಸಾಲು ಹಿಡಿದು ಬನ್ನಿ."

ನೋಟ್‌ಬುಕ್ಕನ್ನು ಕಲ್ಲಿನ ಮೇಲಿಟ್ಟು, ಎರಡನೇ ಬಕೆಟ್ಟು ಎತ್ತಿಕೊಂಡು ಆ ತುದಿಯಿಂದ ನಾನೂ ಶುರುಮಾಡಿದೆ.